ಸಂತ ತೋಮಾಸರ ಮೊದಲ ಗುಟುಕು

ಪಕ್ಕದ ಮನೆಯ ಬಲ್ಬಿನಾಳ ಒಗಟುಗಳಿಂದ ನನ್ನ ಮನೆಯಲ್ಲಿ ಎಷ್ಟು ಸಲ ಅಡುಗೆ ಸೀದಿದೆಯೋ ದೇವರೇ ಬಲ್ಲ. ಮೊದಲ ಸಲದ್ದು ಮಾತ್ರ ಚೆನ್ನಾಗಿ ನೆನಪಿದೆ, ಯಾಕೆಂದರೆ ಆ ಒಗಟು ಹುಟ್ಟಿದ್ದೇ ನನ್ನ ಕಾವಲಿಯ ಮೇಲೆ. ಮರಗೆಣಸಿನ ಹಿಟ್ಟಿಗೆ ಚೀಸು ಕಲಸಿ ಮ್ಬೆಜು ತಟ್ಟುತ್ತಾ ಒಲೆಯ ಮುಂದೆ ನಿಂತಿದ್ದೆ. ಬೇಲಿಯ ಆಚೆಯಿಂದ ಅವಳ ತಲೆ ಮೇಲೆದ್ದಿತು.

"ಪಾಬ್ಲಾ, ನಿನ್ನ ಕಾವಲೀಲಿ ಒಂದ್ಸಲಕ್ಕೆ ಎಷ್ಟು ಹಿಡಿಸ್ತವೆ?"

"ಎರಡು. ಯಾಕೆ?"

"ಒಂದು ಮಗ್ಗುಲು ಬೇಯೋಕೆ ಒಂದು ನಿಮಿಷ ಅಂತಿಟ್ಕೊ. ಮೂರು ಮ್ಬೆಜು, ಎರಡೂ ಮಗ್ಗುಲು ಬೇಯ್ಬೇಕು. ಎಷ್ಟು ಹೊತ್ತು ಬೇಕು?"

"ನಾಲ್ಕು ನಿಮಿಷ. ಮೊದ್ಲು ಎರಡು ಬೇಯಿಸ್ತೀನಿ, ಆಮೇಲೆ ಇನ್ನೊಂದು. ಅದರಲ್ಲೇನಿದೆ ಮಹಾ?"

"ಮೂರೇ ನಿಮಿಷ ಸಾಕು."

"ಸಾಕಾಗಲ್ಲ."

"ಸಾಕಾಗತ್ತೆ."

"ಹೇಗೆ ಅಂತ ಹೇಳು ಮತ್ತೆ!"

"ಹೇಳೋದಾಗಿದ್ರೆ ಕೇಳ್ತಿದ್ನಾ?" ಎಂದಳು. ತಲೆ ಬೇಲಿಯ ಕೆಳಗೆ ಇಳಿದುಹೋಯಿತು.

ನನ್ನ ಗಂಡ ಬಂದ. ಅವನೂ ನಾಲ್ಕು ಎಂದ. ಹೆಣ್ಣುಮಕ್ಕಳಿಬ್ಬರೂ ಬಂದರು. ದೊಡ್ಡವಳು ನಾಲ್ಕು ಎಂದಳು, ಚಿಕ್ಕವಳು ಅಕ್ಕ ಹೇಳಿದ್ದಕ್ಕೆ ಎದುರು ಹೇಳಲೇಬೇಕೆಂದು ಮೂರು ಎಂದಳು. ಆಮೇಲೆ ಅದನ್ನು ಸಾಧಿಸಿ ತೋರಿಸಬೇಕಲ್ಲ, ಸೌಟು ಕಿತ್ತುಕೊಂಡಳು. ಮೊದಲು ಎರಡರ ಒಂದು ಮಗ್ಗುಲು ಬೇಯಿಸು. ಆಮೇಲೆ ಒಂದನ್ನು ತಿರುವಿ ಹಾಕು, ಇನ್ನೊಂದನ್ನು ತೆಗೆದು ಪಕ್ಕಕ್ಕಿಡು, ಆ ಜಾಗಕ್ಕೆ ಮೂರನೆಯದನ್ನು ಹಾಕು. ಕೊನೆಗೆ ಪಕ್ಕಕ್ಕಿಟ್ಟದ್ದರ ಹಸಿ ಮಗ್ಗುಲು, ಮೂರನೆಯದರ ಹಸಿ ಮಗ್ಗುಲು. ಕಾವಲಿ ಒಂದು ಕ್ಷಣವೂ ಖಾಲಿ ಇರುವುದಿಲ್ಲ, ಮೂರೇ ನಿಮಿಷ. ಸರಿಯಾಗಿಯೇ ಇತ್ತು. ಆದರೆ ನಾವು ಕಾವಲಿಯ ಸುತ್ತ ನಿಂತು ಒಬ್ಬರ ಮೇಲೊಬ್ಬರು ಕೂಗಾಡುವುದರಲ್ಲಿ ಮೂರೂ ಇದ್ದಿಲಾಗಿದ್ದವು. ಆ ದಿನ ನಾವು ಉತ್ತರವನ್ನೇ ತಿಂದು ಎದ್ದೆವು.

ಇಂಥ ಹೆಂಗಸಿನ ಪಕ್ಕದ ಮನೆಯಲ್ಲಿ ನಾನು ಬಾಳುವೆ ಮಾಡಿದ್ದೇನೆ. ಲೆಕ್ಕಕ್ಕೂ ನನಗೂ ಆಗಿಬರುವುದಿಲ್ಲ, ಅದನ್ನು ಈಗಲೇ ಹೇಳಿಬಿಡುತ್ತೇನೆ. ಆದರೆ ಅವಳ ಕತೆಯನ್ನು ಬೇರೆ ಯಾರೋ ತಪ್ಪುತಪ್ಪಾಗಿ ಹೇಳುವುದಕ್ಕಿಂತ ನಾನು ಹೇಳುವುದೇ ವಾಸಿ.

ಬಲ್ಬಿನಾಳ ಅಪ್ಪ ನಮ್ಮೂರಿನ ರೈಲು ನಿಲ್ದಾಣದಲ್ಲಿ ಬಾವುಟ ತೋರಿಸುವವನಾಗಿದ್ದ. ಆ ಕಾಲದಲ್ಲಿ ರೈಲು ಹೇಳಿದ ಹೊತ್ತಿಗೆ ಬಂದದ್ದನ್ನು ಕಂಡವರಿಲ್ಲ. ಕಾಯುತ್ತಾ ಕಾಯುತ್ತಾ ಮಕ್ಕಳು ಅಳಲು ಶುರುಮಾಡಿದರೆ ಅವನು ಬಾವುಟವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಬಂದು ಒಂದು ಲೆಕ್ಕ ಹಾಕುತ್ತಿದ್ದ. ಮಕ್ಕಳ ಜೊತೆ ಅಪ್ಪ ಅಮ್ಮಂದಿರೂ ಬಾಯಿ ಮುಚ್ಚಿ ಯೋಚಿಸುತ್ತಾ ಕೂರುತ್ತಿದ್ದರು. ಆಮೇಲೆ ನಮ್ಮೂರಿಗೆ ರೈಲು ಬರುವುದೇ ನಿಂತಿತು, ಅಪ್ಪನೂ ತೀರಿಕೊಂಡ. ಮಗಳು ಅದೇ ನಿಲ್ದಾಣದ ಮುಂದಿನ ಮಾವಿನ ಮರದಡಿ ಒರಳಿಟ್ಟುಕೊಂಡು ಬೇರು, ಸೊಪ್ಪು ಕುಟ್ಟಿ ಕೊಡುವ ಕೆಲಸ ಹಿಡಿದಳು. ಒಗಟುಗಳು ಅಪ್ಪನಿಂದ ಅವಳ ಬಾಯಿಗೆ ಬಂದಿದ್ದವು.

ಬೆಳಗಾದರೆ ಊರೆಲ್ಲ ಅವಳ ಮುಂದೆ. ತೆರೆರೆಗೆ, ಎಂದರೆ ಎಲೆಪುಡಿಗೆ ತಣ್ಣೀರು ಹೊಯ್ದು ನಾವು ಕೊಳವೆಯಲ್ಲಿ ಹೀರುವ ಪಾನಕಕ್ಕೆ, ಯಾರಿಗೆ ಪುದೀನ ಬೇಕು, ಯಾರಿಗೆ ಹೊಟ್ಟೆ ತಣ್ಣಗಾಗುವ ಬೇರು ಬೇಕು, ಯಾರಿಗೆ ನಿನ್ನೆ ಕುಡಿದದ್ದು ಇಳಿಯುವ ಸೊಪ್ಪು ಬೇಕು, ಎಲ್ಲ ಅವಳಿಗೆ ಮುಖ ನೋಡಿದರೇ ಗೊತ್ತು. ಕೇಳದೆಯೇ ಕುಟ್ಟಲು ಶುರುಮಾಡುತ್ತಿದ್ದಳು. ಕುಟ್ಟುತ್ತಲೇ ಲೆಕ್ಕ ಹಾಕುತ್ತಿದ್ದಳು. ಒನಕೆ ನಿಲ್ಲುವುದರೊಳಗೆ ಉತ್ತರ ಹೇಳಿದರೆ ಮೇಲೊಂದು ಹಿಡಿ ಪುದೀನ. ಹೇಳದಿದ್ದರೆ ಒಗಟನ್ನು ಮನೆಗೆ ಹೊತ್ತುಕೊಂಡು ಹೋಗಿ, ಅಷ್ಟೆ. ಅವಳು ಸತ್ತರೂ ಉತ್ತರ ಬಿಟ್ಟುಕೊಡುತ್ತಿರಲಿಲ್ಲ. ಪಾದ್ರಿಗಳು ಕೇಳಿದಾಗಲೂ ಬಿಟ್ಟುಕೊಡಲಿಲ್ಲ.

ಒಂದು ದಿನ ಒಂದೇ ಮೋಟಾರ್‌ಸೈಕಲ್ಲಿನ ಮೇಲೆ ಅಪ್ಪ, ಅಮ್ಮ, ಟ್ಯಾಂಕಿನ ಮೇಲೊಬ್ಬಳು ಮಗಳು, ನಡುವೆ ಸಿಕ್ಕಿಕೊಂಡ ಇನ್ನೊಬ್ಬಳು, ಹೀಗೆ ಒಂದು ಸಂಸಾರ ಬಂತು. ಎಂಜಿನ್ ಆರಿಸದೆಯೇ ಅಪ್ಪ ಎಂದ, "ಬೇಗ ಕೊಡವ್ವ, ಹೊತ್ತಾಯ್ತು."

"ಕೊಡ್ತೀನಿ. ಒಂದು ಬುಟ್ಟಿ ಚಿಪಾ ರೊಟ್ಟಿ ಇತ್ತು. ಅಕ್ಕ ಬಂದು ಬುಟ್ಟೀಲಿದ್ದಿದ್ರಲ್ಲಿ ಅರ್ಧ ತಗೊಂಡ್ಲು, ಮೇಲೊಂದು ಅರ್ಧ ಚಿಪಾ. ನಡುವಿನವಳು ಉಳಿದಿದ್ರಲ್ಲಿ ಅರ್ಧ, ಮೇಲೊಂದು ಅರ್ಧ ಚಿಪಾ. ಕೊನೆಯವಳೂ ಹಂಗೇ. ಬುಟ್ಟಿ ಖಾಲಿ. ಯಾರೂ ಒಂದು ಚಿಪಾನೂ ಮುರೀಲಿಲ್ಲ. ಬುಟ್ಟೀಲಿ ಎಷ್ಟಿದ್ದವು?"

"ಮುರೀದೆ ಅರ್ಧ ಎಲ್ಲಿಂದ ಬರತ್ತೆ? ಹುಚ್ಚು ಲೆಕ್ಕ!" ಎಂದ ಅಪ್ಪ. ಆದರೆ ಎಂಜಿನ್ ಆರಿಸಿದ.

"ಒಂಬತ್ತು," ಎಂದಳು ಹಿಂದಿನಿಂದ ಹೆಂಡತಿ.

"ಒಂಬತ್ತಂತೆ! ಬಾಯಿಗೆ ಬಂದಿದ್ದು ಹೇಳೋದೊಂದು ಗೊತ್ತು ನಿಂಗೆ."

"ನೀವು ಹೇಳಿ ಹಂಗಾದ್ರೆ, ದೊಡ್ಡ ಪಂಡಿತ್ರು!"

ಟ್ಯಾಂಕಿನ ಮೇಲಿದ್ದ ಹುಡುಗಿ ಅಪ್ಪನ ಗಡ್ಡ ಹಿಡಿದು ತಿರುಗಿಸಿದಳು. "ಅಪ್ಪಾ, ಹಿಂದಿನಿಂದ ಬಾ. ಕೊನೆಯವಳಿಗೆ ಒಂದೇ ಚಿಪಾ ಉಳಿದಿತ್ತು. ಅದರಲ್ಲಿ ಅರ್ಧ, ಮೇಲೆ ಅರ್ಧ, ಒಟ್ಟು ಒಂದು. ಮುರಿಯೋದೇ ಬೇಡ. ಅದಕ್ಕೆ ಮುಂಚೆ ಮೂರಿತ್ತು. ಅದಕ್ಕೆ ಮುಂಚೆ ಏಳು."

ಬಲ್ಬಿನಾ ಒನಕೆ ನಿಲ್ಲಿಸಿ ಎರಡು ಹಿಡಿ ಪುದೀನ ಕೊಟ್ಟಳು. ಆ ಸಂಸಾರ ಹೊತ್ತಾದದ್ದನ್ನು ಪೂರ್ತಿ ಮರೆತು ಇನ್ನೊಂದು ಲೆಕ್ಕ ಹಾಕು ಎಂದು ಅಲ್ಲೇ ಕೂತುಬಿಟ್ಟಿತು.

ಮಕ್ಕಳಿಗೆ ಅವಳು ಹೇಳುತ್ತಿದ್ದುದು ಒಂದೇ ಮಾತು. ಉತ್ತರ ಬಾರದೆ ತಲೆ ಕೆರೆದುಕೊಳ್ಳುತ್ತಾ ನಿಂತರೆ, "ಬರ್ಲಿಲ್ವಾ? ಯಾರನ್ನ ಬಿಟ್ಟಿದೀಯ ನೋಡು," ಎನ್ನುವಳು. ಬಹಳ ಮಕ್ಕಳು ಅಷ್ಟರಲ್ಲಿ ಓಡಿಹೋಗುತ್ತಿದ್ದವು. ಓಡದೆ ನಿಲ್ಲುತ್ತಿದ್ದವಳು ನಿಮಿಯಾ ಒಬ್ಬಳೇ. ಅವಳ ತಾಯಿ ಮರಗೆಣಸಿನ ಮಿಲ್ಲಿಗೆ ಹೋಗುವಾಗ ಮಗಳನ್ನು ಒರಳಿನ ಪಕ್ಕದಲ್ಲಿ ಕೂರಿಸಿ ಹೋಗುತ್ತಿದ್ದಳು, ಸಂಜೆ ಬಂದು ಕರೆದುಕೊಂಡು ಹೋಗುತ್ತಿದ್ದಳು. ನಿಮಿಯಾ ನಿಧಾನದ ಹುಡುಗಿ. ತುಟಿ ಅಲ್ಲಾಡಿಸುತ್ತಾ, ಮುಂದಿದ್ದ ಒಂದೊಂದನ್ನೂ ಕಣ್ಣಿನಲ್ಲೇ ಮುಟ್ಟುತ್ತಾ, ಬೆಳಿಗ್ಗೆ ಹಾಕಿದ ಲೆಕ್ಕಕ್ಕೆ ಮಧ್ಯಾಹ್ನ ಉತ್ತರ ಹೇಳುತ್ತಿದ್ದಳು. ಆ ಹೊತ್ತಿಗೆ ನಾವೆಲ್ಲ ಲೆಕ್ಕವನ್ನೇ ಮರೆತಿರುತ್ತಿದ್ದೆವು. ಬಲ್ಬಿನಾ ಮಾತ್ರ ಕಾದಿರುತ್ತಿದ್ದಳು.

ಇಷ್ಟು ಮಕ್ಕಳು ಸುತ್ತ ಇದ್ದರೂ ಅವಳಿಗೆ ತನ್ನದು ಎನ್ನುವ ಒಂದು ಕೂಸಿರಲಿಲ್ಲ. ಮದುವೆಯಾಗಲಿಲ್ಲ, ಅದರ ಬಗ್ಗೆ ಅವಳೂ ಕೊರಗಲಿಲ್ಲ. ಕೊರಗಿದ್ದು ಇನ್ನೊಂದಕ್ಕೆ. ನಮ್ಮಲ್ಲಿ ಮಗು ತನ್ನ ಜ್ಞಾನತಾಯಿಯನ್ನು, ಎಂದರೆ ದೀಕ್ಷಾಸ್ನಾನದ ದಿನ ತನ್ನನ್ನು ಎತ್ತಿ ಹಿಡಿದವಳನ್ನು, ಎಲ್ಲಿ ಕಂಡರೂ ನಿಲ್ಲಬೇಕು. ಎರಡು ಅಂಗೈ ಜೋಡಿಸಿ ಆಶೀರ್ವಾದ ಕೇಳಬೇಕು. ಅವಳು ತಲೆಯ ಮೇಲೆ ಕೈಯೆತ್ತಿ ಹರಸಬೇಕು. ನನಗೆ ಅಂಥ ನಾಲ್ಕು ಮಕ್ಕಳಿದ್ದಾರೆ, ಸಂತೆಗೆ ಹೋದರೆ ನೆಟ್ಟಗೆ ಟೊಮೇಟೊ ಆರಿಸಲೂ ಬಿಡುವುದಿಲ್ಲ. ಬಲ್ಬಿನಾಳಿಗೆ ಒಬ್ಬರೂ ಇರಲಿಲ್ಲ. ಇವಳು ಊರಿಗೆಲ್ಲ ಸೇರಿದವಳು ಎಂದು ಪ್ರತಿಯೊಬ್ಬರೂ ಅಂದುಕೊಂಡರು, ಯಾರೂ ತಮ್ಮ ಮಗುವಿಗೆ ಅವಳನ್ನು ಕರೆಯಲಿಲ್ಲ.

ಒಮ್ಮೆ ಕರೆಯಲು ಬಂದವನನ್ನು ಅವಳೇ ಓಡಿಸಿದಳು. ಬಸ್ಸಿನ ಡ್ರೈವರ್ ಲಿಸಾಂದ್ರೊ ತನ್ನ ಮಗನಿಗಾಗಿ ಕೇಳೋಣವೆಂದು ಟೋಪಿ ತೆಗೆದು ಕೈಯಲ್ಲಿ ಹಿಡಿದು ಬಂದು ನಿಂತಿದ್ದ. ಮಾತು ಶುರುಮಾಡಲು ಕೆಮ್ಮಿದ, ಇನ್ನೊಮ್ಮೆ ಕೆಮ್ಮಿದ. ಒಗಟಿಗೆ ಬಂದಿದ್ದಾನೆ ಎಂದುಕೊಂಡು ಇವಳು ಒಂದು ಕಠಿಣವಾದದ್ದನ್ನೇ ಎಸೆದಳು. ಪಾಪ, ಆ ಮನುಷ್ಯ ಅದನ್ನೇ ಯೋಚಿಸುತ್ತಾ ಹಿಂತಿರುಗಿದ. ಆ ವಾರವೆಲ್ಲ ನಿಲ್ಲಿಸಬೇಕಾದಲ್ಲಿ ಬಸ್ಸು ನಿಲ್ಲಿಸದೆ ಜನರಿಂದ ಬೈಸಿಕೊಂಡ. ಆಮೇಲೆ ಹೆಂಡತಿಯ ಚಿಕ್ಕಪ್ಪನ ಮಗಳನ್ನು ಕರೆದ. ಅವನು ಬಂದದ್ದು ಯಾಕೆಂದು ಬಲ್ಬಿನಾಳಿಗೆ ಗೊತ್ತಾದದ್ದು ದೀಕ್ಷಾಸ್ನಾನದ ಊಟದಲ್ಲಿ. ಅವತ್ತು ನನ್ನ ಅಡುಗೆಮನೆಗೆ ಬಂದು ಕೂತು, ಒಂದೇ ಒಂದು ಒಗಟೂ ಹಾಕದೆ ಎದ್ದುಹೋದಳು.

ಇನ್ನೊಂದು ದಿನ ಒಂದು ಪುಟ್ಟ ಹುಡುಗಿ ಅಂಗೈ ಜೋಡಿಸಿಕೊಂಡು ಅವಳ ಕಡೆಗೇ ಓಡಿ ಬಂತು. ಬಲ್ಬಿನಾ ಲಂಗಕ್ಕೆ ಕೈ ಒರೆಸಿಕೊಂಡು ಮೇಲೆತ್ತಿದಳು. ಹುಡುಗಿ ಅವಳ ಪಕ್ಕದಿಂದ ಹಾದು, ಹಿಂದೆ ನಿಂತಿದ್ದ ತನ್ನ ಜ್ಞಾನತಾಯಿಯ ಮುಂದೆ ನಿಂತಿತು. ಎತ್ತಿದ ಕೈಯನ್ನು ಏನು ಮಾಡುವುದು? ಇಲ್ಲದ ನೊಣ ಓಡಿಸಿದಳು. ನಾನು ನೋಡಿದೆ, ನೋಡದವಳಂತೆ ಪುದೀನ ಕೇಳಿದೆ.

ನಿಮಿಯಾ ಬೆಳೆದಳು, ದೆರ್ಲಿಸ್ ಎಂಬ ಸಾಧು ಹುಡುಗನನ್ನು ಮದುವೆಯಾದಳು, ಒಂದು ಹೆಣ್ಣು ಕೂಸಾಯಿತು. ಕೂಸನ್ನು ಎತ್ತಿ ಹಿಡಿಯುವವರು ಯಾರು ಎಂಬಲ್ಲಿ ಎರಡು ಮನೆಗೂ ಜಗಳ ಹತ್ತಿತು. ದೆರ್ಲಿಸನ ಚಿಕ್ಕಪ್ಪ ಸೆರ್ವಿಯಾನೊ ನಮ್ಮ ಚಾಪೆಲ್ಲಿನ ಗಂಟೆ ಬಾರಿಸುವವನು, ಸಂತರೆಲ್ಲ ತನ್ನ ಖಾಸಾ ನೆಂಟರು ಎಂಬಂತೆ ಮಾತಾಡುವವನು. ತಾನೇ ಎತ್ತಬೇಕು ಎಂದು ಪಟ್ಟು ಹಿಡಿದ. ನಿಮಿಯಾಳ ದೊಡ್ಡಮ್ಮ ಒಬ್ದೂಲಿಯಾ ಹೊಲಿಗೆಯವಳು, ನಾಲಿಗೆಯೂ ಸೂಜಿಯೇ. ಅವಳು ಯಾರೂ ಹೇಳುವ ಮುಂಚೆಯೇ ಕೂಸಿಗೆ ಬಿಳಿ ಅಂಗಿ ಹೊಲಿದು ಮುಗಿಸಿದ್ದಳು. ಗಂಡ ಹೆಂಡತಿ ಯಾರ ಹೆಸರು ಹೇಳಿದರೂ ಇನ್ನೊಂದು ಮನೆಗೆ ಮುಖಭಂಗ. ಒಂದು ಬೆಳಿಗ್ಗೆ ಈ ಜಗಳ ಬಲ್ಬಿನಾಳ ಒರಳಿನ ಮುಂದೆಯೇ ನಡೆಯಿತು.

"ಗಂಟೆ ಹೊಡೆಯೋ ಕೈ ಕಣಮ್ಮ ಇದು! ಕೂಸನ್ನ ಎತ್ತೋಕೆ ಇದಕ್ಕಿಂತ ಪವಿತ್ರವಾದ ಕೈ ಬೇಕಾ?"

"ಪವಿತ್ರವಂತೆ! ಆ ಹಗ್ಗ ಜಗ್ಗೀ ಜಗ್ಗೀ ಕೈ ಜಡ್ಡುಗಟ್ಟಿದೆ. ಮಗು ಏನು ಗಂಟೆನಾ?"

ಬಲ್ಬಿನಾ ಕುಟ್ಟುತ್ತಲೇ ಎಂದಳು, "ಕಿತ್ತಾಡ್ಬೇಡಿ. ತೆರೆರೆ ಸುತ್ತು ತೀರ್ಮಾನ ಮಾಡ್ಲಿ. ಆ ಮನೆಯವ್ರು ಐದು ಜನ, ಈ ಮನೆಯವ್ರು ಐದು ಜನ ಸುತ್ತ ಕೂತ್ಕೊಳ್ಳಿ. ಕೂಸಿನ ತಾಯಿ ಹಾಕಿ ಕೊಡ್ಲಿ. ಮೊದಲನೆಯವ್ರು ಕುಡೀಲಿ, ಎರಡನೆಯವ್ರು 'ಉಪಕಾರ ಆಯ್ತು' ಅಂದು ಏಳ್ಲಿ. ಮೂರನೆಯವ್ರು ಕುಡೀಲಿ, ನಾಲ್ಕನೆಯವ್ರು ಏಳ್ಲಿ. ಹಿಂಗೇ ಸುತ್ತುತ್ತಾ ಸುತ್ತುತ್ತಾ ಕೊನೇಲಿ ಉಳಿದವ್ರು ಕೂಸನ್ನ ಎತ್ಲಿ. ಯಾರಿಗೂ ಬೇಜಾರಿಲ್ಲ."

ನಮ್ಮಲ್ಲಿ ತೆರೆರೆ ಕುಡಿಯುವಾಗ ಕೊಂಬಿನ ಲೋಟ ಕೈಗೆ ಬಂದಾಗಲೆಲ್ಲ ಯಾರೂ ಉಪಕಾರ ಹೇಳುವುದಿಲ್ಲ. ಹೇಳಿದರೆ ನನಗೆ ಸಾಕು, ಇನ್ನು ಬೇಡ ಎಂದು ಅರ್ಥ. ಮತ್ತೆ ನಿಮ್ಮ ಕಡೆ ಲೋಟ ಬರುವುದಿಲ್ಲ. ಆದ್ದರಿಂದ ಆಟ ಎಲ್ಲರಿಗೂ ಕೂಡಲೇ ತಿಳಿಯಿತು.

"ಹತ್ತು ಜನ ಸರಿಹೋಗಲ್ಲ," ಎಂದು ತನ್ನಷ್ಟಕ್ಕೇ ಹೇಳಿಕೊಂಡಂತೆ ಸೇರಿಸಿದಳು. "ಸುತ್ತು ತುಂಬ್ಲಿ ಅಂತ ನಾನೂ ಒಬ್ಬಳು ಕೂತ್ಕೋತೀನಿ ಬಿಡಿ."

ಎಷ್ಟು ಮೆತ್ತಗೆ ಹೇಳಿದಳೆಂದರೆ ಯಾರಿಗೂ ಅನುಮಾನ ಬರಲಿಲ್ಲ. ನನಗೆ ಬಂತು. ಮಧ್ಯಾಹ್ನ ನನ್ನ ಅಡುಗೆಮನೆಗೆ ನುಗ್ಗಿ, ಬುಟ್ಟಿಯಲ್ಲಿದ್ದ ನಿಂಬೆಹಣ್ಣು ಸುರಿದುಕೊಂಡು, ಮೇಜಿನ ಮೇಲೆ ಹನ್ನೊಂದನ್ನು ದುಂಡಗೆ ಜೋಡಿಸಿದಳು. ಒಂದು ಬಿಟ್ಟು ಒಂದು ಎತ್ತುತ್ತಾ ಹೋದಳು. ಕೊನೆಗೆ ಒಂದು ಉಳಿಯಿತು. ಮತ್ತೆ ಜೋಡಿಸಿದಳು, ಮತ್ತೆ ಎತ್ತಿದಳು. ಪ್ರತಿಸಲವೂ ಉಳಿಯುತ್ತಿದ್ದದ್ದು ಏಳನೆಯ ಹಣ್ಣು.

"ಹಂಗಾದ್ರೆ ಏಳನೇ ಜಾಗ ನಿಂದು ಅನ್ನು," ಎಂದೆ.

"ಯಾರಾದ್ರೂ ಎಲ್ಲಾದ್ರೂ ಕೂತ್ಕೊಳ್ಳಿ. ನಂಗೆ ಮಂಡಿ ನೋವು, ಒರಳಿನ ಪಕ್ಕಾನೇ ಕೂರೋದು."

"ಮರದ ಬುಡದಿಂದ ಎಣಿಸಿದ್ರೆ ಒರಳು ಏಳನೇ ಜಾಗದಲ್ಲಿರತ್ತೆ."

"ಒರಳು ಎಲ್ಲಾದ್ರೂ ಒಂದು ಕಡೆ ಇರ್ಬೇಕಲ್ಲ!"

"ಕಳ್ಳಿ. ಅಷ್ಟು ಆಸೇನಾ?"

ಅವಳು ಉಳಿದಿದ್ದ ನಿಂಬೆಹಣ್ಣನ್ನು ಕೈಗೆತ್ತಿಕೊಂಡಳು. "ಅಷ್ಟು ಆಸೆ ಕಣೇ. ಒಂದು ಕೂಸು ನನ್ನ ನೋಡಿ ಕೈ ಜೋಡಿಸ್ಬೇಕು. ಲೆಕ್ಕ ಕೇಳೋಕಲ್ಲ. ನಾನು ಅದಕ್ಕೆ ಬೇಕು ಅಂತ." ಹಣ್ಣನ್ನು ಜೇಬಿಗೆ ಹಾಕಿಕೊಂಡು ಹೊರಟಳು. ಸಲಾಡಿಗೆ ಇಟ್ಟ ಹಣ್ಣು ಅದು, ಆದರೆ ನಾನು ಕೇಳಲಿಲ್ಲ.

ಭಾನುವಾರ ಪೂಜೆ ಮುಗಿಸಿಕೊಂಡು ಎಲ್ಲರೂ ಮಾವಿನ ಮರದಡಿ ಸೇರಿದರು. ನಾನು ಆಟಕ್ಕಿರಲಿಲ್ಲ, ಕೂಸನ್ನು ಎತ್ತಿಕೊಂಡು ಹೊರಗೆ ನಿಂತಿದ್ದೆ. ಸೆರ್ವಿಯಾನೊ ಎಲ್ಲ ಕಡೆಯೂ ಮೊದಲು ಕೂರುವವನು, ಇಲ್ಲೂ ಬುಡಕ್ಕೆ ಒರಗಿ ಮೊದಲನೆಯ ಕುರ್ಚಿ ಹಿಡಿದ. ಒಬ್ದೂಲಿಯಾ ಬಿಸಿಲು ತಪ್ಪಿಸಿಕೊಂಡು ಹನ್ನೊಂದನೆಯ, ಕೊನೆಯ ಕುರ್ಚಿಯಲ್ಲಿ ಕೂತಳು. ನಿಮಿಯಾಳ ಮನೆಯವರಿಗೆ ಐದನೆಯ ಜನ ಸಿಗದೆ ಬಸ್ಸಿನ ಲಿಸಾಂದ್ರೊನನ್ನು ಎಳೆತಂದಿದ್ದರು. ಅವನು ಆರನೆಯ ಕುರ್ಚಿಯಲ್ಲಿ ಕೂತು ಆಗಲೇ ತೂಕಡಿಸುತ್ತಿದ್ದ. ಅವನ ಪಕ್ಕದಲ್ಲಿ ಒರಳು, ಒರಳಿನ ಪಕ್ಕದಲ್ಲಿ ಮಂಡಿ ನೀವಿಕೊಳ್ಳುತ್ತಾ ಬಲ್ಬಿನಾ. ಬುಡದಿಂದ ಎಣಿಸಿದರೆ ಸರಿಯಾಗಿ ಏಳನೆಯವಳು.

ನಿಮಿಯಾ ಕೊಂಬಿನ ಲೋಟಕ್ಕೆ ಎಲೆಪುಡಿ ತುಂಬಿದಳು, ಕೊಳವೆ ಸಿಕ್ಕಿಸಿದಳು, ತಣ್ಣೀರು ಹೊಯ್ದು ಕೈಯಲ್ಲಿ ಹಿಡಿದು ನಿಂತಳು. ಈ ಮೊದಲ ನೀರು ಸಂತ ತೋಮಾಸರದು. ಒಣ ಪುಡಿ ಅದನ್ನು ಹೀರಿಕೊಂಡುಬಿಡುತ್ತದೆ, ಯಾರಿಗೂ ಕುಡಿಯಲು ಉಳಿಯುವುದಿಲ್ಲ. ಸಂತರು ಕುಡಿಯುತ್ತಿದ್ದಾರೆ ಎಂದು ನಾವೆಲ್ಲ ಸ್ವಲ್ಪ ಹೊತ್ತು ಕಾಯುತ್ತೇವೆ. ಹುಟ್ಟಿದಾಗಿನಿಂದ ಹಾಗೆಯೇ, ಅದನ್ನು ಯಾರೂ ಯೋಚಿಸಿ ಮಾಡುವುದಿಲ್ಲ.

ಅಷ್ಟರಲ್ಲಿ ಸೆರ್ವಿಯಾನೊ ಬೆರಳೆತ್ತಿದ. "ಒಂದು ವಿಷಯ! ಎಣಿಕೆ ಸಂತ ತೋಮಾಸರಿಂದ ಶುರುವಾಗ್ಬೇಕು. ಮೊದಲು ಕುಡಿದವರು ಅವರು. ದೀಕ್ಷಾಸ್ನಾನದ ಮಾತಾಡ್ತಾ ಇದೀವಿ, ಸಂತರನ್ನೇ ಬಿಟ್ಟು ಎಣಿಸೋಕೆ ನಾವೇನು ಧರ್ಮ ಇಲ್ಲದವರಾ?"

"ಹೌದು ಹೌದು," ಎಂದರು ಆ ಮನೆಯವರು. "ಹೌದು," ಎಂದರು ಈ ಮನೆಯವರು. ಸಂತರು ಬೇಡ ಎಂದು ಯಾರು ತಾನೇ ಹೇಳಿಯಾರು? ಒಬ್ದೂಲಿಯಾ ಕೂಡ ಶಿಲುಬೆಯ ಗುರುತು ಹಾಕಿಕೊಂಡಳು.

ಬಲ್ಬಿನಾಳ ಮುಖ ಬಿಳಿಚಿತು. ನನ್ನ ಮೇಜಿನ ಮೇಲಿನ ನಿಂಬೆಹಣ್ಣುಗಳಿಗೆ ಸಂತ ತೋಮಾಸರ ಹಂಗಿರಲಿಲ್ಲ. ಹನ್ನೊಂದು ಹಣ್ಣು ಎಣಿಸಿದವಳು ಹನ್ನೆರಡನೆಯವರನ್ನು ಮರೆತೇಬಿಟ್ಟಿದ್ದಳು. ಸಂತರು ಕುಡಿಯುವುದು ಮೊದಲ ಗುಟುಕು ಒಂದೇ, ಮುಂದಿನ ಸುತ್ತುಗಳಿಗೆ ಅವರಿಲ್ಲ. ಸಂತರು ಮೊದಲನೆಯವರಾದರೆ ಸೆರ್ವಿಯಾನೊ ಎರಡನೆಯವನಾಗಿ ಏಳಬೇಕು, ಮೂರನೆಯ ಕುರ್ಚಿಯವರು ಏಳಬೇಕು, ಐದನೆಯವರು ಏಳಬೇಕು, ಏಳನೆಯ ಕುರ್ಚಿಯ ಬಲ್ಬಿನಾ ಮೊದಲ ಸುತ್ತಿನಲ್ಲೇ ಏಳಬೇಕು. ಸುತ್ತಿ ಸುತ್ತಿ ಕೊನೆಗೆ ಉಳಿಯುವುದು ಆರನೆಯ ಕುರ್ಚಿ. ಬಾಯಿ ಅರ್ಧ ತೆರೆದು ಗೊರಕೆಗೆ ಸಿದ್ಧವಾಗಿದ್ದ ಲಿಸಾಂದ್ರೊನ ಕಡೆ ಅವಳು ನೋಡಿದ ನೋಟ ಇನ್ನೂ ನನ್ನ ಕಣ್ಣಮುಂದಿದೆ. ಈ ಲೆಕ್ಕ ನಾನು ಆಮೇಲೆ ಹಣ್ಣಿಟ್ಟು ಕಲಿತದ್ದು. ಆಗ ನನಗೆ ಗೊತ್ತಾದದ್ದು ಇಷ್ಟೇ: ಊರಿಗೆಲ್ಲ ಲೆಕ್ಕ ಹಾಕಿದವಳ ತಲೆ ಆ ಹೊತ್ತಿಗೆ ಕೈಕೊಟ್ಟಿತ್ತು. ಅವಳ ಕೈ ಜೇಬಿನಲ್ಲಿದ್ದ ನಿಂಬೆಹಣ್ಣನ್ನು ಸುಮ್ಮನೆ ಹಿಸುಕುತ್ತಿತ್ತು.

ನಿಮಿಯಾ ಲೋಟ ಹಿಡಿದು ನಿಂತೇ ಇದ್ದಳು. "ಸಂತರು ಇನ್ನೂ ಕುಡೀತಿದಾರೆ, ತಡೀರಿ," ಎಂದಳು.

"ಏನಮ್ಮಾ, ಸಂತರು ಇಡೀ ಹೂಜಿ ಕುಡೀತಾರಾ?" ಎಂದಳು ಒಬ್ದೂಲಿಯಾ.

"ಬಿಸಿಲು ಜಾಸ್ತಿ ದೊಡ್ಡಮ್ಮ, ಕುಡೀಲಿ ಪಾಪ." ನಿಮಿಯಾಳ ಕಣ್ಣು ಒಂದೊಂದೇ ಕುರ್ಚಿಯನ್ನು ಮುಟ್ಟುತ್ತಾ ಸುತ್ತು ಬಂತು. ತುಟಿ ಅಲ್ಲಾ‌ಡುತ್ತಿತ್ತು. ಆಮೇಲೆ ನನ್ನ ಕಡೆ ತಿರುಗಿದಳು. "ಪಾಬ್ಲಕ್ಕ, ನೀನ್ಯಾಕೆ ಕಂಬದ ಥರ ನಿಂತಿದೀಯ? ಬಾ, ಕೂತ್ಕೊ. ಇಗೋ ಇಲ್ಲಿ, ಮೂರನೇ ಕುರ್ಚಿ ಆದ್ಮೇಲೆ."

"ನಾನ್ಯಾಕೆ? ನಂಗೆ ಇರೋ ನಾಲ್ಕೇ ಸಾಕಾಗಿದೆ!"

"ಇವಳ್ಯಾಕೆ ನಡುವೆ?" ಎಂದ ಸೆರ್ವಿಯಾನೊ.

"ಎಲ್ಲರೂ ಸುತ್ತ ಕೂತು ಕುಡೀವಾಗ ಒಬ್ಬರನ್ನ ನಿಲ್ಲಿಸೋದು ಯಾವ ಮರ್ಯಾದೆ, ಚಿಕ್ಕಪ್ಪ?"

ತೆರೆರೆ ಸುತ್ತಿನಲ್ಲಿ ಜಾಗ ಕೊಡೆವು ಎಂದು ಹೇಳುವ ಮನುಷ್ಯ ನಮ್ಮೂರಿನಲ್ಲಿ ಇನ್ನೂ ಹುಟ್ಟಿಲ್ಲ. ಎಲ್ಲರೂ ಗೊಣಗುತ್ತಾ ಕುರ್ಚಿ ಸರಿಸಿದರು. ಕೂಸಿನ ಜೊತೆ ನಾನು ಕೂತೆ.

ಆಮೇಲೆ ನಿಮಿಯಾ ನೀರು ಹೊಯ್ದು ಲೋಟವನ್ನು ಸೆರ್ವಿಯಾನೊನ ಕೈಗಿಟ್ಟಳು. ಅವನು ಆರಾಮಾಗಿ ಕೊಳವೆ ಬಾಯಿಗಿಟ್ಟ.

"ಏಯ್, ಏಯ್!" ಒಬ್ದೂಲಿಯಾ ಕೂಗಿದಳು. "ಸಂತರು ಮೊದಲನೆಯವ್ರು. ನೀನು ಎರಡನೆಯವ್ನು. ಉಪಕಾರ ಹೇಳಿ ಏಳಯ್ಯ!"

ಸೆರ್ವಿಯಾನೊ ಸುತ್ತ ನೋಡಿದ. ಮಾವಿನ ಮರ ನೋಡಿದ, ಆಕಾಶ ನೋಡಿದ. ಬಾಯಲ್ಲಿದ್ದ ಕೊಳವೆಯನ್ನು ನಿಧಾನವಾಗಿ ತೆಗೆದ. "ಉಪಕಾರ ಆಯ್ತು," ಎಂದು ಎದ್ದ. ಅವನ ಕಡೆಯವರು ಕೂಡ ಹೊಟ್ಟೆ ಹಿಡಿದುಕೊಂಡು ನಕ್ಕರು.

ಎರಡನೆಯ ಕುರ್ಚಿ ಕುಡಿಯಿತು, ಮೂರನೆಯದು ಎದ್ದಿತು. ನನಗೆ ಲೋಟ ಬಂತು, ಕುಡಿದೆ. ನನ್ನ ಪಕ್ಕದವನು ಎದ್ದ, ಅವನ ಪಕ್ಕದವಳು ಕುಡಿದಳು. ಲಿಸಾಂದ್ರೊನ ಸರದಿಗೆ ಅವನನ್ನು ಅಲ್ಲಾಡಿಸಿ ಎಬ್ಬಿಸಬೇಕಾಯಿತು. "ಆಂ? ಯಾವ ಸ್ಟಾಪು?" ಎಂದ. "ನಿನ್ನ ಸ್ಟಾಪೇ, ಇಳಿ," ಎಂದರು. ಉಪಕಾರ ಹೇಳಿ ಇಳಿದ.

ಬಲ್ಬಿನಾ ಏಳಲು ಆಗಲೇ ಕೈ ಊರಿದ್ದಳು. ನಿಮಿಯಾ ಲೋಟ ತುಂಬಿ ಅವಳ ಮುಂದೆ ಹಿಡಿದಳು. "ಕುಡಿ."

"ಉಪ..." ಎಂದವಳು ನಿಲ್ಲಿಸಿದಳು. ತಿರುಗಿ ಖಾಲಿಯಾದ ಕುರ್ಚಿಗಳನ್ನು ನೋಡಿದಳು, ನನ್ನನ್ನು ನೋಡಿದಳು, ಬೆರಳು ಮಡಿಸಿದಳು, ಬಿಚ್ಚಿದಳು. ನಾನು ನಡುವೆ ಬಂದು ಕೂತದ್ದರಿಂದ ಅವಳು ಒಂದು ಜಾಗ ಮುಂದೆ ಹೋಗಿದ್ದಳು. ಎಂಟನೆಯವಳಾಗಿದ್ದಳು. ಸಂತರು ಹಾಳುಮಾಡಿದ ಲೆಕ್ಕವನ್ನು ಯಾರೋ ಸರಿಮಾಡಿದ್ದರು. ಯಾರೆಂದು ಅವಳಿಗೆ ಹೊಳೆದದ್ದು ಆಗಲೇ. ಲೋಟ ತೆಗೆದುಕೊಂಡು ಕುಡಿದಳು.

ಲೋಟ ಸುತ್ತಿತು, ಕುರ್ಚಿಗಳು ಖಾಲಿಯಾದವು. ಕೊನೆಗೆ ಉಳಿದವರು ಮೂವರು: ನಾನು, ಬಲ್ಬಿನಾ, ಒಬ್ದೂಲಿಯಾ. ಐದನೆಯ ಕೂಸೂ ನನ್ನ ಕೊರಳಿಗೇ ಬೀಳುತ್ತದೆ ಎಂದುಕೊಂಡೆ. ಆದರೆ ಲೋಟ ಬಂದಾಗ ನನ್ನದು ಏಳುವ ಸರದಿ. ಜೀವಮಾನದಲ್ಲಿ ಯಾವ ಉಪಕಾರವನ್ನೂ ಅಷ್ಟು ಮನಸಾರೆ ಹೇಳಿರಲಿಲ್ಲ. ಬಲ್ಬಿನಾ ಕುಡಿದಳು. ಒಬ್ದೂಲಿಯಾ ಲೋಟ ಹಿಡಿದು, ಹಲ್ಲು ಕಚ್ಚಿ, "ಉಪಕಾರ ಆಯ್ತು" ಎಂದಳು. "ಅಂಗಿ ಮಾತ್ರ ನಾನು ಹೊಲಿದಿದ್ದೇ ಹಾಕ್ಬೇಕು, ಈಗ್ಲೇ ಹೇಳಿದೀನಿ."

"ಸಂತ ತೋಮಾಸರೇ ಆರಿಸಿದ್ರು," ಎಂದು ಸೆರ್ವಿಯಾನೊ ಗಂಭೀರವಾಗಿ ಸಾರಿದ. ಸೋಲು ಕೂಡ ತನ್ನ ಸಂತರಿಂದಲೇ ಆಯಿತೆಂದು ಅವನಿಗೆ ಸಮಾಧಾನ.

ನಾನು ಕೂಸನ್ನು ತಂದು ಬಲ್ಬಿನಾಳ ತೊಡೆಯ ಮೇಲಿಟ್ಟೆ. ಅವಳು ಅದರ ಮುಖ ನೋಡಲೇ ಇಲ್ಲ, ನಿಮಿಯಾಳನ್ನೇ ನೋಡುತ್ತಿದ್ದಳು. "ಯಾವಾಗ ಲೆಕ್ಕ ಹಾಕಿದ್ಯೇ?" ಎಂದು ಪಿಸುಗುಟ್ಟಿದಳು.

"ಸಂತರು ಕುಡೀತಿದ್ರಲ್ಲ, ಆಗ."

"ಬೆಳಿಗ್ಗೆ ಕೇಳಿದ್ರೆ ಮಧ್ಯಾಹ್ನ ಹೇಳೋಳು ನೀನು."

"ಯಾರನ್ನ ಬಿಟ್ಟಿದೀಯ ನೋಡು ಅಂತ ನೀನೇ ಹೇಳ್ತಿದ್ಯಲ್ಲ. ನೋಡಿದೆ. ಎಲ್ಲರೂ ಸೇರಿ ನಿನ್ನನ್ನೇ ಬಿಟ್ಟಿದ್ರು. ಕರೆಯೋಕೆ ನಂಗೆ ದಾರಿ ಇರ್ಲಿಲ್ಲ. ನೀನು ಸುತ್ತಿಗೆ ಕೂತಾಗ, ಸದ್ಯ, ಗೆದ್ದೇ ಗೆಲ್ತಾಳೆ ಅಂದ್ಕೊಂಡಿದ್ದೆ."

ಬಲ್ಬಿನಾ ಅತ್ತಳು. ಅವಳ ಕಣ್ಣಲ್ಲಿ ನೀರು ನಾನು ನೋಡಿದ್ದು ಅದೇ ಮೊದಲು, ನನಗೂ ತಡೆಯಲಾಗಲಿಲ್ಲ. ಕೂಸು ಎರಡು ಪುಟ್ಟ ಕೈಗಳಲ್ಲಿ ಅವಳ ಹೆಬ್ಬೆರಳು ಹಿಡಿದುಕೊಂಡು ಬಾಯಿಗೆ ಎಳೆಯುತ್ತಿತ್ತು. ನೋಡುವವರಿಗೆ ಕೈ ಜೋಡಿಸಿದ ಹಾಗೆಯೇ ಕಾಣುತ್ತಿತ್ತು.

ನಿಮಿಯಾ ಕೊನೆಯ ಲೋಟ ತುಂಬಿ ಕೊಟ್ಟಳು. ಬಲ್ಬಿನಾ ಒಂದೇ ಕೈಯಲ್ಲಿ ಹಿಡಿದು ಸೊರ್ ಎಂದು ಸದ್ದಾಗುವ ತನಕ ಕುಡಿದಳು. ಈಗ ಆಟ ಮುಗಿಯಬೇಕಾದರೆ ಕೊನೆಯವರೂ ಉಪಕಾರ ಹೇಳಬೇಕು. ಎಲ್ಲರೂ ಸುತ್ತ ನಿಂತು ಕಾಯುತ್ತಿದ್ದರು.

"ಹೇಳು ಮಾರಾಯ್ತಿ, ಊಟ ಆರ್ತಾ ಇದೆ," ಎಂದೆ ನಾನು.

ಅವಳು ಹೇಳಲಿಲ್ಲ. ಕೂಸನ್ನು ಎದೆಗೆ ಇನ್ನಷ್ಟು ಹತ್ತಿರ ಎಳೆದುಕೊಂಡು, ಖಾಲಿ ಲೋಟವನ್ನು ನಿಮಿಯಾಳ ಮುಂದೆ ಚಾಚಿದಳು.

"ಇನ್ನೊಂದು ಹಾಕು," ಎಂದಳು.